ದೊಡ್ಡಮ್ಮನ 1967ರ ಅಡುಗೆಮನೆಯನ್ನು ಒಂದು ವರ್ಷ ನಡೆಸುತ್ತಿದ್ದೇನೆ. ಲೆಕ್ಕ ಬರೆಯುವುದು ಹೇಗೆ?

ಮಾಟುಂಗಾ ಭಟ್ಟಿ (ಶಿರ್ವ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ತಾಳ್ಮೆ ಇದ್ದವರು ಓದಿ.

ನಾನು 22 ವರ್ಷ ಮುಂಬೈ ಮಾಟುಂಗಾದ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದವನು. ಶುರುವಿಗೆ ಕಪ್ಪುಬಸಿ ತೊಳೆದೆ, ಕೊನೆಯ ಹತ್ತು ವರ್ಷ ಭಟ್ಟಿ ನನ್ನ ಕೈಯಲ್ಲಿತ್ತು. ಇನ್ನೂರು ಜನರ ಸಾಂಬಾರಿಗೆ ಬೇಳೆ ಎಷ್ಟು, ಹುಳಿ ಎಷ್ಟು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಈಗ ಊರಿಗೆ ಬಂದು ಉಡುಪಿಯ ಶಿರ್ವದ ಹತ್ತಿರ ಹಳೆ ಮನೆಯಲ್ಲಿದ್ದೇನೆ. ಮನೆಯಲ್ಲಿ ನಾನು, ಹೆಂಡತಿ, 79 ವರ್ಷದ ದೊಡ್ಡಮ್ಮ. ಎರಡು ಮಜಲು (ನಡುಮಟ್ಟದ) ಗದ್ದೆ ಉಂಟು. ಹಿಂದುಗಡೆ ಹೊಗೆ ಹಿಡಿದ ಹಳೆ ಅಡುಗೆಮನೆ ಉಂಟು, ಇಷ್ಟು ದಿನ ಅದರಲ್ಲಿ ತೆಂಗಿನಸಿಪ್ಪೆ ತುಂಬಿಸಿ ಇಟ್ಟಿದ್ದೆವು.

ಎರಡು ವರ್ಷದ ಹಿಂದೆ ಮಗಳ ಕಾನ್ವೊಕೇಷನ್‌ಗೆ ಅಮೆರಿಕದ ಅಯೋವಾಕ್ಕೆ ಹೋಗಿದ್ದೆ. ಅವಳು ಓದಿದ ಊರಿನಿಂದ ಸ್ವಲ್ಪ ದೂರ, ಅರ್ಬನ್‌ಡೇಲ್‌ನಲ್ಲಿ, ಲಿವಿಂಗ್ ಹಿಸ್ಟರಿ ಫಾರ್ಮ್ಸ್ ಎಂಬ ಜಾಗ ಉಂಟು. 1970ರಲ್ಲಿ ಶುರುವಾದದ್ದು, ಸುಮಾರು 500 ಎಕರೆ. ಮಗಳು ಮ್ಯೂಸಿಯಂ ಎಂದಾಗ ಗಾಜಿನ ಪೆಟ್ಟಿಗೆ, ‘ಮುಟ್ಟಬೇಡಿ’ ಬೋರ್ಡು ಅಂದುಕೊಂಡಿದ್ದೆ. ಹೋಗಿ ನೋಡಿದರೆ ಮೆಕ್ಕೆಜೋಳದ ಹೊಲ, ಹಂದಿ, ಕುದುರೆ, ಗೊಬ್ಬರದ ವಾಸನೆ! ಒಂದು ಹೊಲ 1700ರದ್ದು, ಅಯೋವೇ ಎಂಬ ಅಲ್ಲಿಯ ಮೂಲ ಜನರ ಬೇಸಾಯ. ಇನ್ನೊಂದು 1850ರದ್ದು, ಎತ್ತಿನ ಉಳುಮೆ. ಮತ್ತೊಂದು 1900ರದ್ದು, ಕುದುರೆ ಉಳುಮೆ. ಪ್ರತಿ ಹೊಲಕ್ಕೆ ಅದರದ್ದೇ ಅಡುಗೆ, ಅದರದ್ದೇ ಬೆಂಕಿ.

1900ರ ಮನೆಯಲ್ಲಿ ಒಬ್ಬಳು ಹೆಂಗಸು ಉದ್ದ ಲಂಗ ಹಾಕಿಕೊಂಡು ಕಬ್ಬಿಣದ ಸೌದೆ ಒಲೆಯಲ್ಲಿ ಮಧ್ಯಾಹ್ನದ ಊಟ ಮಾಡುತ್ತಿದ್ದಳು. ಬಿಸಿ ಎಷ್ಟಿದೆ ಅಂತ ಹೇಗೆ ಗೊತ್ತಾಗ್ತದೆ ಎಂದು ಮಗಳ ಮೂಲಕ ಕೇಳಿಸಿದೆ. ಒಲೆಯ ಗೂಡಿಗೆ ಕೈ ಹಾಕಿ, ಎಷ್ಟು ಎಣಿಸುವವರೆಗೆ ತಡೆಯುತ್ತದೋ ನೋಡುವುದಂತೆ. ನಾವು ಕಾವಲಿಗೆ ನೀರು ಚಿಮುಕಿಸಿ ನೋಡುತ್ತೇವಲ್ಲ, ಹಾಗೆ. ಅವಳು ಪುಸ್ತಕ ಓದಿ ಹೇಳುತ್ತಿರಲಿಲ್ಲ. ನಿಜವಾಗಿ ಹಸಿದವರಿಗೆ ಬೇಯಿಸುತ್ತಿದ್ದಳು. ಅಷ್ಟು ದೂರ ಹೋಗಿ ನಿಂತವನಿಗೆ ನಮ್ಮ ಸಿಪ್ಪೆ ತುಂಬಿದ ಅಡುಗೆಮನೆ ನೆನಪಾಯಿತು.

ಊರಿಗೆ ಬಂದು ದೊಡ್ಡಮ್ಮನಿಗೆ ಹೇಳಿದೆ, ನೀವು ಮದುವೆಯಾಗಿ ಬಂದ 1967ರಲ್ಲಿ ಈ ಮನೆಯಲ್ಲಿ ಏನು ಬೇಯುತ್ತಿತ್ತೋ ಅದನ್ನೇ ಒಂದು ವರ್ಷ ಬೇಯಿಸುವ ಅಂತ. ಅವರು ಎಲೆ ಅಡಿಕೆ ಜಗಿಯುವುದು ನಿಲ್ಲಿಸಿ, “ಆ ಒಲೆಯಿಂದ ಬಿಡಿಸಿಕೊಳ್ಳಲಿಕ್ಕೆ ನನಗೆ 30 ವರ್ಷ ಹಿಡಿಯಿತು. ನಿನಗೆ ಈಗ ಅದು ಬೇಕಾ?” ಎಂದರು. ಕೊನೆಗೆ ಒಪ್ಪಿದರು. ಷರತ್ತು ಏನೆಂದರೆ, ಊದುವುದು ನಾನು, ಹೇಳುವುದು ಅವರು.

ಬಿಸುವಿನ ದಿನ (ಏಪ್ರಿಲ್ ಮಧ್ಯದ ತುಳು ಹೊಸವರ್ಷ) ಶುರು ಮಾಡಿದೆವು. ಈಗ ಸೋಣ ತಿಂಗಳು (ಆಗಸ್ಟ್-ಸೆಪ್ಟೆಂಬರ್). ತೊಂದರೆಗಳು ಹೀಗೆ:

ಮೊದಲನೆಯದು ಅಳತೆ. ದೊಡ್ಡಮ್ಮ ಮಾಡಿದ ಹುರುಳಿ ಸಾರನ್ನು ಗ್ರಾಮು ಲೆಕ್ಕದಲ್ಲಿ ಬರೆದುಕೊಂಡೆ. ಮರುದಿನ ನಾನು ಅದೇ ಲೆಕ್ಕದಲ್ಲಿ ಮಾಡಿದೆ. ಹೋಟೆಲಿನ ಸಾರು ಆಯಿತು! ತಪ್ಪೆಲ್ಲಿ ಎಂದು ಕೇಳಿದರೆ, “ನೀನು ಹುರುಳಿ ನೋಡಲಿಲ್ಲ, ತಕ್ಕಡಿ ನೋಡಿದೆ” ಎನ್ನುತ್ತಾರೆ.

ಎರಡನೆಯದು ಕುಚ್ಚಲಕ್ಕಿ. ಸುಗ್ಗಿ ಬೆಳೆಯ ಭತ್ತದಲ್ಲಿ ಒಂದು ಹಂಡೆಯಷ್ಟು ಮೇ ತಿಂಗಳಲ್ಲಿ ಬೇಯಿಸಿದೆ. ಅಂಗಳದಲ್ಲಿ ಹರಡಿ ಎರಡು ಗಂಟೆ ಆಗಿರಲಿಲ್ಲ, ಮಳೆ. ಒಳಗೆ ಎಳೆದು ಫ್ಯಾನ್ ಹಾಕಿದೆವು (1967ರಲ್ಲಿ ಫ್ಯಾನ್ ಎಲ್ಲಿತ್ತು ಅಂತ ಕೇಳಬೇಡಿ). ಮುಗ್ಗಲು ವಾಸನೆ ಬಂತು. ಹೋಗಲಿ ಅಂತ ಒಂದು ಮಿಲ್ಲಿಗೆ ಕೊಟ್ಟರೆ ಅವರು ತವುಡೆಲ್ಲ ತೆಗೆದು ಬಿಳಿ ಮಾಡಿ, ಬೇರೆ ಯಾರದ್ದೋ ಅಕ್ಕಿಯೊಂದಿಗೆ ಬೆರೆಸಿ ಕೊಟ್ಟರು. ದೊಡ್ಡಮ್ಮ ಒಂದು ತುತ್ತು ಬಾಯಿಗಿಟ್ಟು, “ಉಪವಾಸಕ್ಕೆ ಒಳ್ಳೆಯದು” ಎಂದರು.

ಮೂರನೆಯದು, ದೊಡ್ಡಮ್ಮನೇ ನಿಯಮ ಮುರಿಯುತ್ತಾರೆ. ಕಡೆಯುವ ಕಲ್ಲು ತೊಳೆದಿಟ್ಟರೂ ಮೆಲ್ಲಗೆ ಹೋಗಿ ಮಿಕ್ಸಿಗೆ ಹಾಕುತ್ತಾರೆ. ಸಾರಿಗೆ ಟೊಮೆಟೊ ಬೇಕಂತೆ. ಬೇಡ ಅನ್ನಲು ನಾನು ಯಾರು?

ನನ್ನ ನೋಟ್‌ಬುಕ್‌ನಲ್ಲಿ 41 ಅಡುಗೆ ಉಂಟು. ಓದಿದರೆ ಅಡುಗೆ ಪುಸ್ತಕದಂತೆ ಕಾಣುತ್ತದೆ, ಆ ಮನೆಯಂತೆ ಕಾಣುವುದಿಲ್ಲ. ಏನು ಬರೆಯಬೇಕು, ಹೇಗೆ ಬರೆಯಬೇಕು? ಇಂಥದ್ದು ಮಾಡಿದವರು ಯಾರಾದರೂ ಇದ್ದೀರಾ?

ಕೋಟ ಟೀಚರ್

ನಿಮ್ಮ ದೊಡ್ಡಮ್ಮ ಹೇಳಿದ್ದು ಸರಿ, ತಕ್ಕಡಿ ಕೆಳಗಿಡಿ. ಅಲ್ಲ, ಪೂರ್ತಿ ಬಿಡಬೇಡಿ, ಅಡಗಿಸಿಡಿ. ನಾನು ನನ್ನ ಅತ್ತೆಯ ಅಡುಗೆ ಬರೆದುಕೊಂಡದ್ದು ಹೀಗೆ. ಉಪ್ಪಿನ ಮರಿಗೆ, ಮೆಣಸಿನ ಡಬ್ಬ, ತೆಂಗಿನಕಾಯಿ ತುರಿದ ಬಟ್ಟಲು ಎಲ್ಲವನ್ನೂ ಅಡುಗೆ ಶುರುವಾಗುವ ಮೊದಲು ತೂಗಿಡುವುದು. ಅವರು ಕೈಗೆ ಬಂದಷ್ಟು ಹಾಕಲಿ. ಮುಗಿದ ಮೇಲೆ ಮತ್ತೆ ತೂಗುವುದು. ಕಡಿಮೆಯಾದದ್ದೇ ಅಳತೆ. ನಡುವೆ ಕೈ ಹಿಡಿದು ‘ನಿಲ್ಲಿ ನಿಲ್ಲಿ, ಎಷ್ಟು?’ ಅಂದರೆ ಅವರ ಕೈಯೇ ಬದಲಾಗುತ್ತದೆ. ಮಕ್ಕಳು ಕಾಪಿ ಬರೆಯುವಾಗ ಪಕ್ಕ ನಿಂತು ನೋಡಿದರೆ ಅಕ್ಷರ ಕೆಡುವುದಿಲ್ಲವಾ, ಹಾಗೆ.

ಒಂದು ಅಡುಗೆಯನ್ನು ಮೂರು ಸಲ ತೂಗಿ. ಮೂರೂ ಬೇರೆ ಬೇರೆ ಬಂದರೆ ಖುಷಿಪಡಿ. ಯಾಕೆ ಬೇರೆ ಅಂತ ಆಗ ಕೇಳಿ. ನನ್ನ ಅತ್ತೆ ಒಮ್ಮೆ ಹುಳಿ ಅರ್ಧಕ್ಕೆ ಇಳಿಸಿದ್ದರು. ಕೇಳಿದರೆ ‘ಇದು ಹೊಸ ಹುಳಿ, ಹಳತರಷ್ಟು ಕಪ್ಪಾಗಲಿಲ್ಲ’ ಅಂದರು. ನಿಮಗೆ ಬೇಕಾದ್ದು ಆ ವಾಕ್ಯ.

ಮನೆಯ ಕುಡ್ತೆ, ಪಾವು, ಸೇರು ಇದ್ದರೆ ನೀರು ತುಂಬಿಸಿ ಅಳೆದು ಬರೆದಿಡಿ. ಊರೂರಿಗೆ, ಮನೆಮನೆಗೆ ಅದು ಬದಲಾಗುತ್ತದೆ.

ಕುಚ್ಚಲಿನ ವಿಷಯ. ಒಂದೇ ಸಲ ಹಂಡೆ ತುಂಬ ಬೇಯಿಸಿದ್ದು ತಪ್ಪು. ಕಲಿಯುವಾಗ ನಾಲ್ಕು ಸೇರು ಸಾಕು. ಭತ್ತ ಬಾಯಿ ಬಿಡುವಾಗ ಇಳಿಸಬೇಕು, ಜಾಸ್ತಿ ಬಿಟ್ಟರೆ ಅನ್ನ ಹೊರಗೆ ಬರುತ್ತದೆ. ಒಣಗಿತಾ ಅಂತ ನೋಡಲು ಒಂದು ಕಾಳು ಹಲ್ಲಿಗೆ ಕೊಡಿ. ಟಕ್ ಅನ್ನಬೇಕು. ಮೆತ್ತಗೆ ಅದುಮಿದರೆ ಇನ್ನೂ ಬಿಸಿಲು ಬೇಕು. ಮೇ ತಿಂಗಳ ಮಧ್ಯಾಹ್ನವನ್ನು ನಂಬಿ ಅಂಗಳಕ್ಕೆ ಹಾಕಿದಿರಿ, ಅದಕ್ಕೆ ಏನು ಹೇಳುವುದು ಮಾರಾಯ್ರೆ! ಮಿಲ್ಲಿನ ಬದಲು ಆ ನಾಲ್ಕು ಸೇರನ್ನು ಒರಳಲ್ಲಿ ಒನಕೆ ಹಾಕಿ ಕುಟ್ಟಿ. ಎಷ್ಟು ಹೊತ್ತು ಹಿಡಿಯಿತು, ತೋಳು ಎಷ್ಟು ನೋಯಿತು, ಅದನ್ನೂ ಬರೆಯಿರಿ.

ಪುತ್ತೂರ ಹುಡುಗ

ಅಣ್ಣ, ಉಪ್ಪಡ್ ಪಚ್ಚಿಲ್ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ) ಬರೆದಿದ್ದೀರಾ? ನನ್ನಜ್ಜಿ ತೀರಿಕೊಂಡ ಮೇಲೆ ಮನೆಯಲ್ಲಿ ಹಾಕಿದ್ದೆಲ್ಲ ಕೊಳೆಯುತ್ತದೆ. ಈ ವರ್ಷವೂ ಒಂದು ಭರಣಿ ಹೋಯಿತು.

ಮಾಟುಂಗಾ ಭಟ್ಟಿ (ಶಿರ್ವ)

ಟೀಚರ್, ಡಬ್ಬ ತೂಗುವ ಉಪಾಯ ಇವತ್ತೇ ಮಾಡಿದೆ. ದೊಡ್ಡಮ್ಮನಿಗೆ ಗೊತ್ತಾಗಲಿಲ್ಲ. ಹೆಂಡತಿಗೆ ಗೊತ್ತಾಯಿತು, ‘ಉಪ್ಪಿಗೂ ಸಿಸಿಟಿವಿ ಹಾಕಿದಿರಾ’ ಅಂದಳು.

ಪುತ್ತೂರ ಹುಡುಗ, ನಮ್ಮದು ಒಂದು ಭರಣಿ ಉಳಿದಿದೆ. ಬೆಳೆದ ಕಾಯಿಯ ಸೊಳೆ ಬೇಕು, ಹಣ್ಣಿನತ್ತ ತಿರುಗಿದ್ದು ಮೆತ್ತಗಾಗುತ್ತದೆ. ನೀರು ತಾಗಿಸಬಾರದು. ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು, ಮೇಲೆ ಭಾರ. ಉಪ್ಪುನೀರು ತಾನಾಗಿ ಬಿಟ್ಟು ಸೊಳೆ ಮುಳುಗಬೇಕು. ನಿಮ್ಮದರಲ್ಲಿ ಮೇಲಿನ ಸೊಳೆ ನೀರಿನಿಂದ ಹೊರಗೆ ತಲೆ ಹಾಕಿರಬೇಕು, ಅಲ್ಲಿಂದ ಕೊಳೆತ ಶುರು. ಉಪ್ಪಿನ ಅಳತೆ ಮುಂದಿನ ಹಲಸಿನ ಕಾಲಕ್ಕೆ ಹೇಳುತ್ತೇನೆ, ಯಾಕೆಂದರೆ ದೊಡ್ಡಮ್ಮ ಹಾಕುವಾಗ ನಾನು ತೂಗಲಿಲ್ಲ, ಬರೀ ವಿಡಿಯೊ ಮಾಡಿದೆ. ವಿಡಿಯೊದಲ್ಲಿ ಅವರ ಮುಖ ಚೆನ್ನಾಗಿ ಬಂದಿದೆ, ಕೈ ಇಲ್ಲ.

ಹಂಚಿನ ಮಾಡು

ನಾನು ಹಳೆ ಮನೆಗಳ ಹುಚ್ಚಿನವನು, ಆದ್ದರಿಂದ ಮನೆಯಿಂದಲೇ ಶುರು ಮಾಡುತ್ತೇನೆ. ನಮ್ಮಲ್ಲಿ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಉಂಟು. ವಿಜಯನಾಥ ಶೆಣೈಯವರು ಬಿದ್ದುಹೋಗಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದು. ಕಂಬ, ಬಾಗಿಲು, ಪಾತ್ರೆ ನೋಡಲು ಎರಡು ಕಣ್ಣು ಸಾಲದು. ಮಂಗಳೂರಿನ ಪಿಲಿಕುಳದಲ್ಲಿ ಗುತ್ತಿನ ಮನೆ (ಊರ ಯಜಮಾನರ ಹಳೆ ದೊಡ್ಡ ಮನೆ) ಉಂಟು, ಕುಶಲಕರ್ಮಿಗಳು ಮಡಕೆ ಮಾಡುವ ಜಾಗ ಉಂಟು. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ನಮ್ಮ ಅಜ್ಜಿಯರ ಸಾಮಾನು ರಾಶಿ ಉಂಟು. ಎಲ್ಲವೂ ಬೇಕಾದದ್ದೇ. ಆದರೆ ನೀವು ಮಾಡುತ್ತಿರುವುದು ಬೇರೆ. ಸಾಮಾನು ಉಳಿಸಿದರೆ ಅದು ಹೇಗಿತ್ತು ಅಂತ ಗೊತ್ತಾಗುತ್ತದೆ. ಕೆಲಸ ಮಾಡಿ ನೋಡಿದರೆ ಅದು ಯಾಕೆ ಹಾಗಿತ್ತು ಅಂತ ಗೊತ್ತಾಗುತ್ತದೆ.

ಇದರ ಹಿಂದೆ ಒಂದು ಉದ್ದದ ಕಥೆ ಉಂಟು. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 1891ರಲ್ಲೇ ಸ್ಕಾನ್ಸೆನ್ ತೆರೆದರು, ಹಳ್ಳಿಮನೆಗಳನ್ನು ತಂದಿಟ್ಟ ಬಯಲು ಮ್ಯೂಸಿಯಂ. ಡೆನ್ಮಾರ್ಕಿನ ಲೈರೆಯಲ್ಲಿ 1964ರಿಂದ ಕಬ್ಬಿಣ ಯುಗದ ಮನೆ ಕಟ್ಟಿ ಪ್ರಯೋಗ ಮಾಡಿದರು. ನನಗೆ ಎಲ್ಲಕ್ಕಿಂತ ಇಷ್ಟದ್ದು ಇಂಗ್ಲೆಂಡಿನ ಬಟ್ಸರ್. 1972ರಲ್ಲಿ ಪೀಟರ್ ರೆನಾಲ್ಡ್ಸ್ ಎಂಬವರು ಶುರು ಮಾಡಿದ ಹೊಲ. ಹಳೆ ಕಾಲದವರು ನೆಲದಲ್ಲಿ ಗುಂಡಿ ತೋಡಿ ಧಾನ್ಯ ಇಡುತ್ತಿದ್ದರು. ಅಷ್ಟು ಮಳೆಯ ದೇಶದಲ್ಲಿ ಅದು ಕೊಳೆಯುವುದಿಲ್ಲವೇ ಅನ್ನುವುದು ಪ್ರಶ್ನೆ. ರೆನಾಲ್ಡ್ಸ್ ವಾದ ಮಾಡುತ್ತಾ ಕೂರಲಿಲ್ಲ. ಗುಂಡಿ ತೋಡಿ, ಧಾನ್ಯ ತುಂಬಿ, ಬಾಯಿಗೆ ಜೇಡಿಮಣ್ಣು ಮೆತ್ತಿದರು. ಗೋಡೆಗೆ ತಾಗಿದ ಕಾಳು ಮಾತ್ರ ಮೊಳೆಯಿತು. ಮೊಳೆಯುವಾಗ ಒಳಗಿನ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಟ್ಟಿತು. ಆ ಗಾಳಿಯಲ್ಲಿ ಉಳಿದದ್ದಕ್ಕೆ ಮೊಳೆಯಲೂ ಆಗಲಿಲ್ಲ, ಕೊಳೆಯಲೂ ಆಗಲಿಲ್ಲ. ಹೊರಗಿನ ಕಾಳು ಸತ್ತು ಒಳಗಿನದ್ದನ್ನು ಕಾಯಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ನಿಮ್ಮ ಮನೆಗೆ ಬನ್ನಿ. ಅಕ್ಕಿ ಮುಡಿಯನ್ನು (ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಉಂಡೆ) ಅಟ್ಟದಲ್ಲಿ, ಹೊಗೆ ತಾಗುವಲ್ಲಿ ಯಾಕೆ ಇಡುತ್ತಿದ್ದರು? ಹುಳ ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಯಾರೂ ನೋಡಲಿಲ್ಲ. ಒಂದೇ ಅಕ್ಕಿಯಲ್ಲಿ ಎರಡು ಸಣ್ಣ ಮುಡಿ ಕಟ್ಟಿಸಿ. ಒಂದು ಒಲೆಯ ಮೇಲಿನ ಅಟ್ಟಕ್ಕೆ, ಇನ್ನೊಂದು ಕೋಣೆಗೆ. ಬರುವ ಆಟಿಯಲ್ಲಿ (ಜುಲೈ-ಆಗಸ್ಟ್‌ನ ಮಳೆ ತಿಂಗಳು) ಎರಡನ್ನೂ ಬಿಚ್ಚಿ ಹುಳ ಎಣಿಸಿ, ಎರಡನ್ನೂ ಬೇಯಿಸಿ. 41 ಅಡುಗೆಗಿಂತ ಆ ಒಂದು ಪುಟ ದೊಡ್ಡದು.

ಮತ್ತೆ ಬೀಜ. ಗದ್ದೆಯಲ್ಲಿ ಏನು ಹಾಕಿದ್ದೀರಿ? ಎಂಒ4ನಂಥ ಹೊಸ ತಳಿ ಆದರೆ ಅದು 1967ರ ಅನ್ನ ಅಲ್ಲ. ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರು 650ಕ್ಕಿಂತ ಜಾಸ್ತಿ ಭತ್ತದ ತಳಿ ಉಳಿಸಿದವರು, 2024ರಲ್ಲಿ ಪದ್ಮಶ್ರೀ ಬಂತು. ಅವರೂ ಶುರು ಮಾಡಿದ್ದು ರಾಜಕಯಮೆ ಎಂಬ ಒಂದೇ ತಳಿಯಿಂದ. ನಿಮ್ಮ ದೊಡ್ಡಮ್ಮನ ಹತ್ತಿರ ಮೊದಲು ತಳಿಯ ಹೆಸರು ಕೇಳಿ.

ಮಿಕ್ಸಿ, ಟೊಮೆಟೊ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ‘ಇವತ್ತು ಮಿಕ್ಸಿ’ ಅಂತ ಬರೆದುಬಿಡಿ. ಯಾವ ದಿನ ಕಲ್ಲು ಬಿಟ್ಟರು, ಯಾಕೆ ಬಿಟ್ಟರು ಅನ್ನುವುದೂ ಲೆಕ್ಕವೇ.

ಕುಲಶೇಖರ ಬಾಯಿ

ನಮ್ಮಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮೇರಿ ಮಾತೆಯ ಹುಟ್ಟುಹಬ್ಬ, ತೆನೆ ಹಬ್ಬ) ಇಗರ್ಜಿಯಿಂದ ಆಶೀರ್ವಾದದ ಭತ್ತದ ಕದಿರು ತಂದು, ಹೊಸ ಅಕ್ಕಿಕಾಳು ಹಾಲಿಗೆ ಹಾಕಿ ಎಲ್ಲರಿಗೂ ಕೊಡುತ್ತೇವೆ. ಆ ದಿನ ಮೀನು ಮಾಂಸ ಇಲ್ಲ, ಪದಾರ್ಥ ಬೆಸ ಸಂಖ್ಯೆಯಲ್ಲಿ ಆಗಬೇಕು. ನನಗೆ ಅದರ ಒಂದೊಂದೂ ಬಾಯಿಪಾಠ. ಆದರೆ ಮರುದಿನ, ಸೆಪ್ಟೆಂಬರ್ 9ರಂದು ಅಮ್ಮ ಏನು ಮಾಡುತ್ತಿದ್ದರು ಅಂತ ಕೇಳಿ, ಹೇಳಲಿಕ್ಕೆ ಬರುವುದಿಲ್ಲ. ನಿಮ್ಮ 41ರಲ್ಲಿ ಹಬ್ಬದ್ದು ಎಷ್ಟು ಸರ್?

ಒಕ್ಕಲ ಮೊಮ್ಮಗ

ಎಲ್ಲರೂ ಚಂದ ಬರೆದಿದ್ದೀರಿ. ನಾನು ಸ್ವಲ್ಪ ಕಹಿ ಹೇಳುತ್ತೇನೆ, ಬೇಜಾರು ಮಾಡಬೇಡಿ.

1967 ಅಂದರೆ ಡಿಕ್ಲರೇಶನ್‌ಗೆ (ಗೇಣಿ ಗದ್ದೆ ತಮ್ಮದಾಗಲಿ ಅಂತ ಒಕ್ಕಲುಗಳು ಅರ್ಜಿ ಕೊಟ್ಟದ್ದು) ಮೊದಲು. ಭೂಸುಧಾರಣೆಯ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ಕ್ಕೆ. ಅದಕ್ಕಿಂತ ಮೊದಲು ನನ್ನ ಅಜ್ಜ ಗೇಣಿ ಒಕ್ಕಲು. ಗೇಣಿ ಅಕ್ಕಿ ಮುಡಿಯಲ್ಲಿ ಹೋಗುತ್ತಿತ್ತು, ಒಂದು ಮುಡಿ ಅಂದರೆ 42 ಸೇರು. ಅಜ್ಜಿ ಭತ್ತ ಬೇಯಿಸಿ, ಕುಟ್ಟಿ, ಗೆರಸೆಯಲ್ಲಿ ಗೇರಿ, ಒಳ್ಳೆ ಅಕ್ಕಿ ಮುಡಿ ಕಟ್ಟಿ ಧಣಿಗಳ ಮನೆಗೆ ಹೊರಿಸಿ ಕಳಿಸುತ್ತಿದ್ದರು. ನಮ್ಮ ಮನೆಯಲ್ಲಿ ಉಳಿಯುತ್ತಿದ್ದದ್ದು ನುಚ್ಚು. ಆಟಿಯಲ್ಲಿ ಅದೂ ಇಲ್ಲ. ಈಗ ಸ್ಟಾರ್ ಹೋಟೆಲಿನವರು ‘ಆಟಿದ ಕೂಟ’ ಮಾಡಿ ತಜಂಕು (ಚಗಟೆ ಸೊಪ್ಪು), ಕೆಸು, ಕಣಿಲೆ (ಎಳೆ ಬಿದಿರು) ಬಡಿಸುತ್ತಾರೆ. ನನ್ನಜ್ಜಿ ಅದನ್ನು ತಿಂದದ್ದು ಬೇರೆ ಇಲ್ಲ ಅಂತ.

ನೀವು ನೋಡಿದ ಅಮೆರಿಕದ ಜಾಗದಲ್ಲಿ ಮೂಲ ಜನರ ಹೊಲವನ್ನೂ ಇಟ್ಟಿದ್ದಾರೆ ಅಂದಿರಿ. ನಿಮ್ಮ 1967ರಲ್ಲಿ ಒಕ್ಕಲಿನ ಒಲೆ ಎಲ್ಲಿ ಉಂಟು?

ಮಾಟುಂಗಾ ಭಟ್ಟಿ (ಶಿರ್ವ)

ಮೂರು ವಾರ ಆಯಿತು ಬರೆಯದೆ. ಒಕ್ಕಲ ಮೊಮ್ಮಗನ ಪ್ರಶ್ನೆ ಓದಿ ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ನಮ್ಮದೇನು ದೊಡ್ಡ ಗುತ್ತಿನ ಮನೆ ಅಲ್ಲ. ಆದರೆ ಮೂರು ಒಕ್ಕಲು ಇತ್ತು. ನಮಗೆ ಮುಡಿ ಬರುತ್ತಿತ್ತು. ಹಾಗಾದರೆ ನಾನು ಬೇಯಿಸಿ ಕೆಡಿಸಿದ ಆ ಕುಚ್ಚಲನ್ನು ಈ ಮನೆಯಲ್ಲಿ ಯಾರೂ ಬೇಯಿಸಿರಲೇ ಇಲ್ಲವೇನೋ ಅಂತ ಅನುಮಾನ ಬಂತು. ದೊಡ್ಡಮ್ಮನಲ್ಲಿ ಕೇಳಿದೆ. “ಸ್ವಲ್ಪ ಬೇಯಿಸುತ್ತಿದ್ದೆವು. ಹೆಚ್ಚಿನದ್ದು ಕಟ್ಟಿಯೇ ಬರುತ್ತಿತ್ತು” ಎಂದರು. ತಳಿಯ ಹೆಸರು ಕೇಳಿದರೆ, “ಅದು ನನಗೆಂತ ಗೊತ್ತು, ತೋಡಿನ ಆಚೆಯವಳ ಹತ್ತಿರ ಕೇಳು.”

ತೋಡಿನ (ಸಣ್ಣ ಹಳ್ಳದ) ಆಚೆ ಇರುವವರು ಆ ಮೂರು ಒಕ್ಕಲು ಮನೆಗಳಲ್ಲಿ ಒಂದರ ಸೊಸೆ. 81 ವರ್ಷ. ಡಿಕ್ಲರೇಶನ್ ಆದ ಮೇಲೆ ಎರಡು ಮನೆಗೂ ಮಾತು ಕಡಿಮೆ. ಮದುವೆ, ಸಾವಿಗೆ ಹೋಗಿ ಬರುತ್ತೇವೆ, ಅಷ್ಟೇ. ನಾನು ಹೋಗಿ ವಿಷಯ ಹೇಳಿದಾಗ ಅವರು ನನ್ನ ನೋಟ್‌ಬುಕ್ ಕಡೆ ನೋಡಿ, “ಇದರಲ್ಲಿ ನಮ್ಮ ಗದ್ದೆ ಲೆಕ್ಕ ಉಂಟಾ?” ಅಂತ ಕೇಳಿದರು. ಇಲ್ಲ, ಅಡುಗೆ ಮಾತ್ರ ಅಂದೆ. ಆಮೇಲೆ ಕುರ್ಚಿ ಕೊಟ್ಟರು.

ಬೈಲಿನಲ್ಲಿ (ತಗ್ಗಿನ ಗದ್ದೆ) ಏಣೇಲಿಗೆ (ಮಳೆಗಾಲದ ಬೆಳೆ) ಕಯಮೆ ತಳಿ, ಬೆಟ್ಟಿಗೆ (ಎತ್ತರದ ಗದ್ದೆ) ಬೇರೆ, ಕೊಳಕೆಗೆ (ಬೇಸಿಗೆಯ ಬೆಳೆ) ಬೇರೆ. ಹೆಸರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಯಾವುದು ಗಂಜಿಗೆ, ಯಾವುದು ಅವಲಕ್ಕಿಗೆ, ಯಾವುದರ ಹುಲ್ಲು ಮುಡಿ ಕಟ್ಟಲು ಗಟ್ಟಿ ಎಂಬುದೂ ಬಂತು. ನುಚ್ಚಿನ ಗಂಜಿಗೆ ಮೊದಲು ನೀರು ಕುದಿಸಬೇಕಂತೆ, ಇಲ್ಲದಿದ್ದರೆ ತಳ ಹಿಡಿಯುತ್ತದೆ. 22 ವರ್ಷದ ಹೋಟೆಲಿನವನಿಗೆ ಇದು ಗೊತ್ತಿರಲಿಲ್ಲ. ನಮ್ಮಲ್ಲಿ ನುಚ್ಚು ದನಕ್ಕೆ ಹೋಗುತ್ತಿತ್ತು.

ಕುಲಶೇಖರದ ಬಾಯಿ, ಎಣಿಸಿದೆ. 41ರಲ್ಲಿ 33 ಹಬ್ಬದ್ದು. ಕೇಳುವಾಗ ‘ವಿಶೇಷ ಏನು ಮಾಡುತ್ತಿದ್ದಿರಿ’ ಅಂತಲೇ ಕೇಳಿದ್ದೇನೆ, ಅವರು ವಿಶೇಷವೇ ಹೇಳಿದ್ದಾರೆ. ಈಗ ಪುಸ್ತಕ ಬದಲಾಯಿಸಿದೆ. ಒಂದು ದಿನಕ್ಕೆ ಒಂದು ಪುಟ. ಬೆಳಿಗ್ಗೆ ಒಲೆ ಹೊತ್ತಿಸಿದ ಹೊತ್ತು, ಯಾವ ಸೌದೆ, ಎಷ್ಟು ಸಲ ಊದಿದೆ, ಯಾರು ಮೊದಲು ಉಂಡರು, ಯಾರು ಕೊನೆಗೆ, ಏನು ಉಳಿಯಿತು, ಉಳಿದದ್ದು ರಾತ್ರಿಗೆ ಏನಾಯಿತು. ಮೊದಲ ವಾರದ ಏಳು ಪುಟದಲ್ಲಿ ಐದು ಕಡೆ ಗಂಜಿ, ಒಣಮೀನು ಚಟ್ನಿ ಉಂಟು. ಓದಲು ಬೇಜಾರು. ದೊಡ್ಡಮ್ಮನಿಗೆ ಓದಿ ಹೇಳಿದೆ. “ಹಾಂ, ಇದು ನಮ್ಮ ಮನೆ” ಎಂದರು.

ಟೀಚರ್, ನಾಲ್ಕು ಸೇರು ಕುಟ್ಟಿದೆ. ಒಂದೇ ಸಲ ಅಲ್ಲ, ಎರಡು ದಿನದಲ್ಲಿ. ಅರ್ಧದಷ್ಟು ನುಚ್ಚಾಯಿತು. ತೋಳಿನ ವಿಷಯ ಕೇಳಬೇಡಿ. ಹೆಂಡತಿ ಎಣ್ಣೆ ಹಚ್ಚಿದಳು, ನಗುತ್ತಾ ಹಚ್ಚಿದಳು.

ಹಂಚಿನ ಮಾಡು ಹೇಳಿದ ಎರಡು ಮುಡಿಗೆ ಅಕ್ಕಿ ತಯಾರಾಗಬೇಕು, ಏಣೇಲು ಕೊಯ್ಯಲಿ. ಕಟ್ಟಲು ನನಗೆ ಬರುವುದಿಲ್ಲ, ದೊಡ್ಡಮ್ಮನಿಗೂ ಬರುವುದಿಲ್ಲ. ತೋಡಿನ ಆಚೆಯವರ ಮಗನಿಗೆ ಬರುತ್ತದಂತೆ. ಅವನು ಕತಾರಿನಿಂದ ನವೆಂಬರಿಗೆ ರಜೆಯಲ್ಲಿ ಬರುತ್ತಾನೆ.

ನಿನ್ನೆ ದೊಡ್ಡಮ್ಮ, ತೋಡಿನ ಆಚೆಯವರು ಇಬ್ಬರನ್ನೂ ಹಳೆ ಅಡುಗೆಮನೆಯಲ್ಲಿ ಕೂರಿಸಿದೆ. ಉಪ್ಪಡ್ ಪಚ್ಚಿಲ್ ತೊಳೆದು ಪಲ್ಯ ಮಾಡುವುದು ಅಂತ. ಎಷ್ಟು ನೀರಿನಲ್ಲಿ ಉಪ್ಪು ಬಿಡಿಸಬೇಕು ಅನ್ನುವುದಕ್ಕೆ ಜಗಳ ಶುರುವಾಯಿತು. ದೊಡ್ಡಮ್ಮ ಮೂರು ನೀರು ಎನ್ನುತ್ತಾರೆ. ತೋಡಿನ ಆಚೆಯವರು ಒಂದೇ ನೀರು ಎನ್ನುತ್ತಾರೆ, ಮೂರು ನೀರಿನಲ್ಲಿ ತೊಳೆದರೆ ಗಂಜಿಗೆ ಬೇರೆ ಉಪ್ಪು ಬೇಡವಾ, ಅದನ್ನು ಯಾರು ಕೊಡುತ್ತಾರೆ ಅಂತ. ದೊಡ್ಡಮ್ಮ ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು ಊದುಕೊಳವೆ ನನ್ನ ಕೈಯಿಂದ ತೆಗೆದುಕೊಂಡು ಅವರೇ ಒಲೆ ಊದಿದರು.

ಎರಡು ಪಾತ್ರೆಯಲ್ಲಿ ಎರಡು ಪಲ್ಯ ಮಾಡಿದೆವು. ಡಬ್ಬ ತೂಗಲು ಮರೆತೆ.